ಹಿತ್ತಲ ಬಾಗಿಲಿನ ಕಳ್ಳ

೧೯೩೮ನೇ ಇಸವಿ ಜನವರಿ ಇಪ್ಪತ್ತೇಳು, ಗುರುವಾರ, ಬೆಳಗಿನ ಐದೂ ಮುಕ್ಕಾಲು ಗಂಟೆ. ಸೇಲಂ ಪೇಟೆಯ ಗುಗೈ ಬಳಿಯ ನೇಕಾರ ಬೀದಿಯೊಂದರಲ್ಲಿ ಮುನಿಶಾಮಮ್ಮ ತನ್ನ ಒಬ್ಬನೇ ಮಗ ಎಲ್ಲಪ್ಪನಿಗೆ ಕುಂಚದಿಂದ ಎರಡು ಏಟು ಹೊಡೆದಳು. ಮೊದಲನೆಯದು ಎಡಹೆಗಲ ಮೇಲೆ ಬಿತ್ತು, ಎರಡನೆಯದು ಕಿವಿಯ ಮೇಲ್ಗಡೆ.

ಬಣ್ಣ ಬಳಿಯುವ ಕುಂಚವಲ್ಲ ಅದು. ಹಾಸಿನ ನೂಲನ್ನು, ಎಂದರೆ ಬಟ್ಟೆಯ ಉದ್ದದ ಎಳೆಗಳನ್ನು, ಬೀದಿಯುದ್ದಕ್ಕೆ ಎಳೆದು ಕಟ್ಟಿ, ಗಂಜಿ ಹಾಕಿ, ಇಬ್ಬರು ಆಚೆಗೊಬ್ಬರು ಈಚೆಗೊಬ್ಬರು ನಿಂತು ಬಾಚುವ ಕುಂಚ. ಮೊಳಕ್ಕೂ ಮಿಕ್ಕ ಮರದ ಬೆನ್ನು, ಅದರ ಕೆಳಗೆ ಒತ್ತಾಗಿ ಹೊಲಿದ ಬೇರಿನ ಹಲ್ಲು. ಎತ್ತಿ ಹಿಡಿದರೆ ಕೈ ಸೋಲುವಷ್ಟು ಭಾರ. ಹಿಂದಿನ ದಿನ ಸಂಜೆಯಷ್ಟೇ ಕೊಂಡದ್ದು.

ಅವತ್ತು ಬೀದಿಯಲ್ಲಿ ಗಂಜಿ ಹಾಕುವ ಸರದಿ ಅವರ ಮನೆಯದು. ಗಂಡ ನಾರಪ್ಪ, ಮಗ ಎಲ್ಲಪ್ಪ, ನೆರೆಯವರು ಆರೇಳು ಮಂದಿ ಹಾಸು ಕಟ್ಟಿ ಕಾಯುತ್ತಿದ್ದರು. ಬಿಸಿಲು ಏರಿದರೆ ನೂಲು ಒಣಗಿ ಪಟಪಟನೆ ಹರಿಯುತ್ತದೆ. ಆದ್ದರಿಂದ ಸೂರ್ಯ ಮೂಡುವ ಮೊದಲೇ ಅರ್ಧ ಕೆಲಸ ಮುಗಿಯಬೇಕು. ಸೊಸೆ ಕಣ್ಣಮ್ಮ ಒಳಗೆ ಗಂಜಿ ಕಾಯಿಸುತ್ತಿದ್ದಳು. ಗಂಜಿ ಬರಲಿಲ್ಲ. ನೋಡಿಬರುತ್ತೇನೆಂದು ಎಲ್ಲಪ್ಪ ಒಳಗೆ ಹೋದ. ಅವನ ಹಿಂದೆಯೇ ಹೊಸ ಕುಂಚ ತರಲು ಮುನಿಶಾಮಮ್ಮ ಹೋದಳು.

ಗಂಜಿ ಗಂಟುಕಟ್ಟಿತ್ತು. ಎಲ್ಲಪ್ಪ ಹೆಂಡತಿಯನ್ನು ಮಗ್ಗದ ಕಂಬಕ್ಕೆ ಒತ್ತಿ ಎರಡು ಕೈಯಲ್ಲೂ ಕುತ್ತಿಗೆ ಹಿಡಿದಿದ್ದ. ಮಾತಿರಲಿಲ್ಲ, ಬೈಗುಳವಿರಲಿಲ್ಲ. ಕಣ್ಣಮ್ಮನ ಕಾಲುಗಳು ನೆಲವನ್ನು ಕೆರೆಯುತ್ತಿದ್ದವು.

"ಬಿಡ್ಲಾ," ಎಂದಳು ಮುನಿಶಾಮಮ್ಮ. ಅವನು ಬಿಡಲಿಲ್ಲ. ಇನ್ನೊಂದು ಸಲ ಹೇಳಿದಳು. ಕಣ್ಣಮ್ಮನ ನಾಲಿಗೆ ಹೊರಗೆ ಬಂತು. ಆಗ ಹೊಡೆದಳು.

ಅವನು ಬಿದ್ದ ಸದ್ದಿಗೆ ಬೀದಿಯವರು ಬಾಗಿಲಿಗೆ ಬಂದರು. ಎದುರುಮನೆಯ ದೊಡ್ಡಕ್ಕ ಎಲ್ಲರಿಗಿಂತ ಮುಂದೆ. ನೆಲದ ಮೇಲೆ ರಕ್ತ, ಗೋಡೆಗೆ ಒರಗಿ ಕೆಮ್ಮುತ್ತಿರುವ ಸೊಸೆ, ಕುಂಚ ಹಿಡಿದು ನಿಂತ ಅತ್ತೆ. ಏನಾಯ್ತು ಎಂದು ದೊಡ್ಡಕ್ಕ ಕೇಳಿದಳು.

"ಕಳ್ಳ," ಎಂದಳು ಮುನಿಶಾಮಮ್ಮ. "ಇತ್ತಲ ಬಾಗ್ಲಾಗೆ ಬಂದ."

ಆ ಒಂದು ಮಾತು ಅವಳದು. ಉಳಿದದ್ದನ್ನೆಲ್ಲ ನಾರಪ್ಪ ಸೇರಿಸಿದ. ಜನರೆಲ್ಲ ಬೀದಿಯಲ್ಲಿದ್ದದ್ದನ್ನು ನೋಡಿಕೊಂಡು ಕಳ್ಳ ಹಿತ್ತಲ ಗೋಡೆ ಹಾರಿ ಬಂದ. ಸೊಸೆಯ ತಾಳಿಗೆ ಕೈ ಹಾಕಿದ. ಬಿಡಿಸಲು ಹೋದ ಮಗನಿಗೆ ಕಟ್ಟಿಗೆಯಲ್ಲಿ ಬಾರಿಸಿ ಬಂದ ದಾರಿಯಲ್ಲೇ ಓಡಿದ. ಕಣ್ಣಮ್ಮನ ಕುತ್ತಿಗೆಯ ಮೇಲಿನ ಬೆರಳ ಗುರುತುಗಳು ಹೀಗೆ ಗಂಡನ ಲೆಕ್ಕದಿಂದ ಕಳ್ಳನ ಲೆಕ್ಕಕ್ಕೆ ಹೋದವು. ಎಲ್ಲಪ್ಪ ಕಣ್ಣು ಬಿಟ್ಟು ಅಪ್ಪನ ಮಾತು ಕೇಳಿದ. ಇಲ್ಲವೆನ್ನಲಿಲ್ಲ. ಬೆನ್ನು ಸೀಳಿದ್ದ ಹೊಸ ಕುಂಚವನ್ನು ನಾರಪ್ಪ ಗಂಜಿಯ ಒಲೆಗೆ ತುರುಕಿದ. ಅವತ್ತು ದೊಡ್ಡಕ್ಕನ ಮನೆಯ ಕುಂಚ ತಂದು ಗಂಜಿ ಹಾಕಿದರು.

ಬೀದಿಯ ಯಜಮಾನ ಮಾದಯ್ಯ ಎಂಟು ಗಂಟೆಗೆ ಬಂದ. ಅರವತ್ತೈದರ ಮುದುಕ, ಮಾತು ಕಡಿಮೆ. ನಡುಮನೆಯಲ್ಲಿ ಹೊಸ ಹಾಸಿನ ಎಳೆಗಳನ್ನು ಹಳೆಯ ಎಳೆಗಳಿಗೆ ಹೊಸೆದು ಕೆಚ್ಚಲು ಹರಡಿ ಕಟ್ಟಿದ್ದರು. ಹಿತ್ತಲ ಬಾಗಿಲಿಂದ ಮಗ್ಗದ ಕಡೆಗೆ ಬರುವ ದಾರಿಗೆ ಅಡ್ಡಲಾಗಿ, ಸೊಂಟದೆತ್ತರಕ್ಕೆ, ಸಾವಿರಾರು ಎಳೆ. ಮನೆಯವರು ಅಭ್ಯಾಸದಿಂದ ಬಗ್ಗಿ ಆಚೆ ದಾಟುತ್ತಿದ್ದರು. ಮಾದಯ್ಯ ಆ ಎಳೆಗಳನ್ನು ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿ ನೋಡಿದ.

"ಕಳ್ಳ ಒಳ್ಳೆ ನೇಕಾರನೇ ಇರ್ಬೇಕು ಮುನಿಶಾಮಮ್ಮ," ಎಂದ. "ಕತ್ಲಲ್ಲಿ ಬಂದವ್ನೆ, ಕತ್ಲಲ್ಲಿ ಓಡವ್ನೆ. ಒಂದೆಳೆನೂ ಕಿತ್ತಿಲ್ಲ."

ಉತ್ತರಕ್ಕೆ ಕಾಯದೆ ಅವನು ಹೊರಟ. ಮಧ್ಯಾಹ್ನದೊಳಗೆ ಬೀದಿಗೆಲ್ಲ ಗೊತ್ತಾಗಿತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೆಣ್ಣು ಕೊಡುವ, ತರುವ ಬೀದಿ. ತಾಯಿ ಮಗನನ್ನು ಹೊಡೆದಳೆಂಬ ಮಾತು ನೆಂಟರಿರುವ ಹರೂರು, ಪೆನ್ನಾಗರಂ ಮುಟ್ಟಿದರೆ ಎಲ್ಲ ಮನೆಯ ಮಾನವೂ ಹೋದಂತೆ. ಒಂದು ವಿಷಯಕ್ಕೆ ಬೀದಿಯವರಿಗೆ ನಿಶ್ಚಿಂತೆಯಿತ್ತು: ಅವರು ಮನೆಯಲ್ಲಿ ಆಡುವುದು ಕನ್ನಡ, ಪೊಲೀಸರಿಗೆ ಬರುವುದು ತಮಿಳು.

ಪೊಲೀಸರಿಗೆ ದೂರು ಕೊಡುವ ಮನಸ್ಸು ನಾರಪ್ಪನಿಗೆ ಇರಲಿಲ್ಲ. ಆದರೆ ಮೂಳೆ ಕಟ್ಟುವವನ ಅಂಗಡಿಯಲ್ಲಿ ಎಲ್ಲಪ್ಪ ತಾನೇ ಕಥೆ ಹೇಳಿದ್ದ. ಸಂಜೆಗೆ ಹೆಡ್ ಕಾನ್‌ಸ್ಟೇಬಲ್ ಬಂದು ಜಗಲಿಯ ಮೇಲೆ ಕೂತ.

"ಆಳು ಎಪ್ಪಡಿ ಇರುಂದಾನ್?" ಎಂದು ಕೇಳಿದ.

ಆಳು ಹೇಗಿದ್ದನೆಂದು ನಾರಪ್ಪ ಯೋಚಿಸಿರಲಿಲ್ಲ. ಸುಳ್ಳು ಹೇಳಿ ಅಭ್ಯಾಸವಿದ್ದವನಾದರೆ ಎಲ್ಲೂ ಇಲ್ಲದ ಒಂದು ಮುಖ ಮಾಡಿಕೊಡುತ್ತಿದ್ದನೋ ಏನೋ. ನಾರಪ್ಪನಿಗೆ ಆ ಹೊತ್ತಿಗೆ ಕಣ್ಣ ಮುಂದೆ ಬಂದದ್ದು ತಾನು ಕಡೆಗೆ ಕಂಡ ಹೊರಗಿನ ಮುಖ. ಗಿಡ್ಡಗಿದ್ದ, ಕಪ್ಪಗಿದ್ದ, ನಲವತ್ತರ ಆಸುಪಾಸು. ಎಡಗಿವಿಯಲ್ಲಿ ತಾಮ್ರದ ಕಡುಕು, ಎಂದ. ಒಳಗೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದ ಮುನಿಶಾಮಮ್ಮನ ಕೈ ನಿಂತಿತು. ಗಂಡ ಯಾರ ಮುಖವನ್ನು ಹೇಳುತ್ತಿದ್ದಾನೆಂದು ಅವಳಿಗೆ ತಿಳಿಯಿತು. ಹಿಂದಿನ ಸಂಜೆ ಇದೇ ಜಗಲಿಯಲ್ಲಿ ಕೂತು, ಮಜ್ಜಿಗೆ ಕುಡಿದು, ಕುಂಚ ಕೊಟ್ಟುಹೋದ ಪಳನಿಸ್ವಾಮಿಯ ಮುಖ. ಎದ್ದು ಹೋಗಿ ಗಂಡನ ಬೆನ್ನಿಗೆ ಚುಚ್ಚಿ ನಿಲ್ಲಿಸಬಹುದಾಗಿತ್ತು. ಕಾನ್‌ಸ್ಟೇಬಲ್ ಬರೆದುಕೊಳ್ಳುವುದು ಮುಗಿಯುವವರೆಗೆ ಅವಳು ಕೂತೇ ಇದ್ದಳು.

ಅವನು ಹೋದಮೇಲೆ ಗಂಡನಿಗೆ ಹೇಳಿದಳು. ನಾರಪ್ಪನ ಮುಖ ಇಳಿಯಿತು. "ಕಡುಕು ಆಕಿದೋರು ಊರಲ್ಲಿ ಸಾವ್ರ ಜನ ಔರೆ," ಎಂದ. ಊಟಕ್ಕೆ ಕೂತು ಅರ್ಧ ಮುದ್ದೆ ಬಿಟ್ಟು ಎದ್ದ.

ಪಳನಿಸ್ವಾಮಿ ಕೊರವರ ಕುಲದವನು. ಮಗ್ಗದವರ ಕುಂಚ ಮಾಡುವುದು ಅವರ ಮನೆತನದ ಕಸುಬು. ಹದಿನೈದು ವರ್ಷಗಳಿಂದ ಆ ಬೀದಿಯ ಕುಂಚಗಳೆಲ್ಲ ಅವನ ಕೈಯವು. ಸರ್ಕಾರ ಆ ಕುಲವನ್ನೇ ಅಪರಾಧಿ ಕುಲವೆಂದು ಪಟ್ಟಿ ಮಾಡಿತ್ತು. ಕದ್ದವರೂ ಕದಿಯದವರೂ ಹೆಬ್ಬೆಟ್ಟು ಒತ್ತಿ ಹೆಸರು ಬರೆಸಬೇಕು, ಕತ್ತಲಾದರೆ ಹಾಜರಿ ಕೊಡಬೇಕು. ಗುರುವಾರ ಬೆಳಗಿನ ಜಾವ ಅವನು ಕುಂಚದ ಬೇರು ಕೀಳಲು ಏರ್ಕಾಡು ಬೆಟ್ಟದ ಬುಡಕ್ಕೆ ಒಬ್ಬನೇ ಹೋಗಿದ್ದ. ನೋಡಿದವರು ಯಾರೂ ಇರಲಿಲ್ಲ. ಭಾನುವಾರ ಅವನನ್ನು ಹಿಡಿದರು.

ಎಲ್ಲಪ್ಪನ ಹೆಗಲ ಮೂಳೆ ಬಿರುಕು ಬಿಟ್ಟಿತ್ತು. ಮೊಟ್ಟೆಯ ಲೋಳೆ ಮೆತ್ತಿ, ಬಟ್ಟೆ ಸುತ್ತಿ, ಕೈಯನ್ನು ಕುತ್ತಿಗೆಗೆ ನೇತುಹಾಕಿದ್ದರು. ಆರು ವಾರ ಮಗ್ಗ ಮುಟ್ಟುವಂತಿಲ್ಲ. ನೋಡಲು ಬಂದವರಿಗೆ ಅವನು ಜಗಲಿಯಲ್ಲಿ ಕೂತು ಕಥೆ ಹೇಳುತ್ತಿದ್ದ. ಮೊದಲ ದಿನ ಕಳ್ಳ ಹೊಡೆದು ಓಡಿದ್ದ. ನಾಲ್ಕನೆಯ ದಿನಕ್ಕೆ ಎಲ್ಲಪ್ಪ ಅವನ ಜುಟ್ಟು ಹಿಡಿದಿದ್ದ. ವಾರ ಕಳೆಯುವಷ್ಟರಲ್ಲಿ ಕಳ್ಳನ ಕೈಯಲ್ಲಿ ಚೂರಿಯೂ ಬಂದಿತ್ತು. ಬೇರೆ ಬೀದಿಯವರು ತಲೆದೂಗಿ ಕೇಳಿ, ಬಾಳೆಹಣ್ಣು ಇಟ್ಟು ಹೋಗುತ್ತಿದ್ದರು. ಸ್ವಂತ ಬೀದಿಯವರು ಕೇಳಿ ಸುಮ್ಮನೆ ಎಲೆಯಡಿಕೆ ಅಗಿಯುತ್ತಿದ್ದರು. ಒಂದು ದಿನ ದೊಡ್ಡಕ್ಕ ಮಾತ್ರ, ಆ ಕಳ್ಳನಿಗೆ ಸೀರೆ ಉಟ್ಟು ಬರುವ ಅಭ್ಯಾಸ ಇತ್ತೇನಪ್ಪಾ ಎಂದು ಕೇಳಿ ಒಳಗೆ ಹೋದಳು.

ಮಗ್ಗ ನಿಲ್ಲುವಂತಿರಲಿಲ್ಲ. ಮಗ್ಗ ನಿಂತರೆ ಒಲೆ ನಿಲ್ಲುತ್ತದೆ. ನಾರಪ್ಪನಿಗೆ ಕಣ್ಣು ಮಂಜು, ಅಂಚು ಕಾಣುತ್ತಿರಲಿಲ್ಲ. ಮೂರನೆಯ ದಿನ ಕಣ್ಣಮ್ಮ ಯಾರನ್ನೂ ಕೇಳದೆ ಮಗ್ಗದ ಕುಳಿಗೆ ಕಾಲು ಇಳಿಸಿ ಕೂತಳು. ಆ ಬೀದಿಯಲ್ಲಿ ಹೆಂಗಸರು ನೂಲು ಸುತ್ತುತ್ತಿದ್ದರು, ಗಂಜಿ ಕಾಯಿಸುತ್ತಿದ್ದರು, ಲಾಳಿ ಹೊಡೆಯುತ್ತಿರಲಿಲ್ಲ. ಕಣ್ಣಮ್ಮ ಹರೂರಿನವಳು, ಅಪ್ಪನ ಮನೆಯಲ್ಲಿ ಗಂಡುಮಕ್ಕಳಿಲ್ಲದೆ ಕಲಿತಿದ್ದಳು. ಮದುವೆಯಾಗಿ ಏಳು ವರ್ಷದಲ್ಲಿ ಇದನ್ನು ಯಾರಿಗೂ ಹೇಳಿರಲಿಲ್ಲ. ಅವಳ ಗಂಟಲು ಕಟ್ಟಿ ಹತ್ತು ದಿನ ಮಾತೇ ಹೊರಡಲಿಲ್ಲ. ಅತ್ತೆ ಬಿಸಿ ಗಂಜಿಗೆ ಮೆಣಸಿನ ಪುಡಿ ಹಾಕಿ ಕೊಟ್ಟರೆ ಕುಡಿಯುತ್ತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಮುನಿಶಾಮಮ್ಮನಿಗೆ ನಾಚಿಕೆಯಾಗುತ್ತಿದ್ದದ್ದು ಹೊಡೆದದ್ದಕ್ಕಲ್ಲ. ಆರು ವರ್ಷ ಕಾಲ ಅವಳು ಸೊಸೆಗೆ ಒಂದೇ ಮಾತು ಹೇಳಿಕೊಂಡು ಬಂದಿದ್ದಳು: "ಎಂಡ ಒಡೀತೈತೆ ತಾಯಿ, ಅವ್ನಲ್ಲ." ಹಿಂದಿನ ಅಕ್ಟೋಬರ್ ಒಂದನೇ ತಾರೀಕು ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ಬಂತು. ಹೆಂಡದಂಗಡಿಗಳಿಗೆ ಬೀಗ ಬಿತ್ತು. ಅವತ್ತು ಅವಳು ಚೌಡೇಶ್ವರಿಗೆ ತುಪ್ಪದ ದೀಪ ಹಚ್ಚಿದ್ದಳು. ನವೆಂಬರ್ ತಿಂಗಳೆಲ್ಲ ಮನೆ ತಣ್ಣಗಿತ್ತು. ಡಿಸೆಂಬರಿನಲ್ಲಿ ಎಲ್ಲಪ್ಪ ಬರಿಯ ನೀರು ಕುಡಿದು, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೆಂಡತಿಯನ್ನು ಹೊಡೆದ. ಅವತ್ತು ದೂರಲು ಹೆಂಡವಿರಲಿಲ್ಲ. ಅತ್ತೆ ಎದ್ದು ಹಿತ್ತಲಿಗೆ ಹೋಗಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು.

ಪಳನಿಸ್ವಾಮಿಯ ಹೆಂಡತಿ ಪೂಂಗೊಡಿ ಫೆಬ್ರವರಿ ನಾಲ್ಕರಂದು ಹಿತ್ತಲ ಬಾಗಿಲಿಗೆ ಬಂದಳು. ಕೊರವರವಳಾದರೂ ಗಿರಾಕಿಗಳ ಜೊತೆ ಮಾತಾಡಿ ಕನ್ನಡ ಬರುತ್ತಿತ್ತು. ಅಳುತ್ತಿರಲಿಲ್ಲ. ಹೊಸಿಲಿನಾಚೆ ಕೂತು, ನಿಧಾನವಾಗಿ, ಮಾಲಿನ ಬೆಲೆ ಹೇಳುವವಳಂತೆ ಹೇಳಿದಳು.

"ಅಮ್ಮಾ, ನಿಮ್ ಕೈಯಾರೆ ಮಜ್ಜಿಗೆ ಕೊಟ್ರಿ. ಅವ್ರ ಮೊಕ ನಿಮ್ಗೆ ಗೊತ್ತೈತೆ. ಟೇಸನ್‌ಗೆ ಬಂದು ಇವ್ನಲ್ಲ ಅಂತ ಒಂದ್ ಮಾತೇಳಿ. ಬಿಟ್ಬಿಡ್ತಾರೆ."

"ಕತ್ಲೆ ಇತ್ತಮ್ಮ," ಎಂದಳು ಮುನಿಶಾಮಮ್ಮ. "ನಂಗೆ ಮೊಕ ಕಾಣ್ಲಿಲ್ಲ."

"ಕಾಣ್ದಿದ್ರೆ ಕಾಣ್ಲಿಲ್ಲ ಅಂತ್ಲೇ ಬಂದೇಳಿ."

ಮುನಿಶಾಮಮ್ಮ ಒಳಗೆ ಹೋಗಿ ಎರಡು ಮುದ್ದೆಯನ್ನೂ ಅವರೆಕಾಳಿನ ಸಾರನ್ನೂ ತಂದಿಟ್ಟಳು. ಪೂಂಗೊಡಿ ತಿನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಸಾರನ್ನು ತಂಬಿಗೆಗೆ ಸುರಿದುಕೊಂಡು, ಮುದ್ದೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಜೈಲಿನ ಬಾಗಿಲಲ್ಲಿ ಕೊಡುತ್ತೇನೆ, ಅಲ್ಲಿ ಬೇಯಿಸಿ ಕೊಡುವ ಕಳಿಯ ಹಿಟ್ಟು ಅವರಿಗೆ ಸೇರುವುದಿಲ್ಲ ಎಂದು ಹೇಳಿ ಹೋದಳು. ನಡುಮನೆಯಲ್ಲಿ ಲಾಳಿಯ ಸದ್ದು ನಿಂತಿತ್ತು. ಅವಳು ಹೋದ ಮೇಲೆ ಮತ್ತೆ ಶುರುವಾಯಿತು.

ವಕೀಲರ ಗುಮಾಸ್ತ ಅರುಣಾಚಲಂ ಪಂಚೆಗೆಂದು ವರ್ಷಕ್ಕೆ ಎರಡು ಸಲ ಆ ಮನೆಗೆ ಬರುತ್ತಿದ್ದ. ಫೆಬ್ರವರಿ ಹದಿಮೂರು, ಭಾನುವಾರ ಬಂದ. ನಾರಪ್ಪ ಅವನಿಗೆ ಕಾಫಿ ಕೊಡಿಸಿ, ಪೆನ್ನಾಗರಂ ಕಡೆಯ ಒಬ್ಬ ನೆಂಟರ ಮನೆಯ ವಿಷಯವೆಂದು ಶುರುಮಾಡಿದ. ಅಲ್ಲೊಬ್ಬ ಗಂಡಸು ಹೆಂಡತಿಯ ಕತ್ತು ಹಿಸುಕುತ್ತಿದ್ದನಂತೆ. ಮನೆಯ ಮುದುಕಿಯೊಬ್ಬಳು ಕಟ್ಟಿಗೆಯಿಂದ ಹೊಡೆದು ಬಿಡಿಸಿದಳಂತೆ. ಅವನ ಮೂಳೆ ಮುರಿಯಿತಂತೆ. ಆ ಮುದುಕಿಗೆ ಎಷ್ಟು ವರ್ಷವಾಗುತ್ತದೆ ಎಂದು ಕೇಳಿದ.

ಅರುಣಾಚಲಂಗೆ ಕಾಯಿದೆ ಬಾಯಿಪಾಠ. ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದವನು. ತಮಿಳನ್ನೂ ಕನ್ನಡವನ್ನೂ ಬೆರೆಸಿ ವಿವರಿಸಿದ. ಇಂಡಿಯನ್ ಪೀನಲ್ ಕೋಡಿನ ತೊಂಬತ್ತಾರನೇ ಕಲಂ ಪ್ರಕಾರ ಪ್ರಾಣರಕ್ಷಣೆಗೆಂದು ಮಾಡಿದ್ದು ಅಪರಾಧವೇ ಅಲ್ಲ. ತೊಂಬತ್ತೇಳರ ಪ್ರಕಾರ ತನ್ನ ಮೈಯನ್ನೂ ಕಾಯಬಹುದು, ಬೇರೆಯವರ ಮೈಯನ್ನೂ ಕಾಯಬಹುದು. ನೂರನೇ ಕಲಂ ಇನ್ನೂ ಮುಂದೆ ಹೋಗುತ್ತದೆ: ಸಾಯಿಸುತ್ತಾನೆಂಬ ನ್ಯಾಯವಾದ ಭಯವಿದ್ದರೆ, ಎದುರಿಗಿರುವವನು ಸತ್ತರೂ ಅದು ಕೊಲೆಯಲ್ಲ. ಒಂದೇ ನಿಬಂಧನೆ, ಬಿಡಿಸಲು ಬೇಕಾದ್ದಕ್ಕಿಂತ ಹೆಚ್ಚು ಹೊಡೆಯಬಾರದು.

"ಎರಡೇಟು," ಎಂದ ನಾರಪ್ಪ.

"ಮೊದಲನೇ ಏಟಿಗೆ ಕೈ ಬಿಟ್ಟನಾ?"

"ಇಲ್ವಂತೆ. ಎರಡನೇದಕ್ಕೆ ಬಿಟ್ನಂತೆ."

"ಹಾಗಾದರೆ ಸರಿ. ಮೂರನೇದು ಹೊಡೆದಿದ್ದರೆ ಯೋಚಿಸಬೇಕಿತ್ತು."

ಒಳಗೆ ಲಾಳಿ ನಿಂತಿತು. ಕಣ್ಣಮ್ಮನ ದನಿ ಬಂತು. ಒಡೆದ ಗಡಿಗೆಯ ದನಿ. ಹದಿನೇಳು ದಿನದಲ್ಲಿ ಹೊರಗಿನವರೆದುರು ಅವಳಾಡಿದ ಮೊದಲ ಮಾತು.

"ಇಸುಕ್ದೋನು ಗಂಡ ಆದ್ರೂ ಅದೇ ಕಾಯ್ದೆನಾ?"

ಅರುಣಾಚಲಂ ಒಳಗಡೆಗೆ ತಿರುಗಿದ. "ಕಾಯಿದೆಯಲ್ಲಿ ಕಳ್ಳ ಅಂತ ಬೇರೆ, ಗಂಡ ಅಂತ ಬೇರೆ ಬರೆದಿಲ್ಲ ತಂಗಚ್ಚಿ. ಹಿಸುಕಿದವನು ಅಂತ ಮಾತ್ರ ಲೆಕ್ಕ." ಆಮೇಲೆ ನಾರಪ್ಪನನ್ನೂ, ಜಗಲಿಯ ಮೂಲೆಯಲ್ಲಿ ಕೈ ನೇತುಹಾಕಿಕೊಂಡು ಕೂತಿದ್ದ ಎಲ್ಲಪ್ಪನನ್ನೂ ನೋಡಿದ. ಅವನು ಮೂಢನಲ್ಲ. ದನಿ ತಗ್ಗಿಸಿದ. "ಆ ಪೆನ್ನಾಗರಂನವರು ಪೊಲೀಸರಿಗೆ ಏನಾದರೂ ಬೇರೆ ಕಥೆ ಹೇಳಿದ್ದಾರಾ? ಹೇಳಿದ್ದರೆ ಅದು ನೂರ ಎಂಬತ್ತೆರಡು. ಸುಳ್ಳು ಮಾಹಿತಿ. ಆರು ತಿಂಗಳು. ಅದರಿಂದ ಒಬ್ಬ ನಿರಪರಾಧಿ ಒಳಗೆ ಹೋಗಿದ್ದರೆ ಇನ್ನೂ ಮೇಲಕ್ಕೆ ಹೋಗುತ್ತದೆ. ಕೋರ್ಟಲ್ಲಿ ಪ್ರಮಾಣ ಮಾಡಿ ಅದೇ ಕಥೆ ಹೇಳಿದರೆ ಏಳು ವರ್ಷ."

ಅವನು ಪಂಚೆ ಕೊಂಡು, ಹಣ ಕೊಟ್ಟು ಹೋದ. ಕಾಫಿಯ ಲೋಟವನ್ನು ಯಾರೂ ಎತ್ತಲಿಲ್ಲ.

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಮುನಿಶಾಮಮ್ಮನಿಗೆ ಅರ್ಥವಾದದ್ದು ಇಷ್ಟು. ಗುರುವಾರ ಬೆಳಿಗ್ಗೆ ದೊಡ್ಡಕ್ಕ ಕೇಳಿದಾಗ ನಿಜ ಹೇಳಿದ್ದರೆ ಆ ಮನೆಯಲ್ಲಿ ತಪ್ಪು ಮಾಡಿದವನು ಒಬ್ಬನೇ ಇರುತ್ತಿದ್ದ. ಈಗ ನಾಲ್ಕು ಮಂದಿ ಇದ್ದರು, ಮಾಡದವನು ಜೈಲಿನಲ್ಲಿದ್ದ.

ಅವತ್ತು ಊಟದ ಹೊತ್ತಿಗೆ ಜಗಳ ಎದ್ದಿತು. ಹೋಗಿ ಹೇಳಿಬಿಡೋಣ ಎಂದಳು ಅವಳು. ಹೇಳಿದರೆ ಜೈಲಿಗೆ ಹೋಗುವವನು ನಾನು ಎಂದ ನಾರಪ್ಪ. ಕೊರವನ ಮೇಲೆ ಸಾಕ್ಷಿ ಸಾಲದು, ತಾನಾಗಿಯೇ ಬಿಡುತ್ತಾರೆ, ಸ್ವಲ್ಪ ದಿನ ನೋಡೋಣ. ಎಲ್ಲಪ್ಪ ತಟ್ಟೆಯನ್ನು ತಳ್ಳಿದ. ಬೀದಿಬೀದಿಯಲ್ಲಿ ತನ್ನನ್ನು ಅವ್ವನ ಕೈಲಿ ಹೊಡೆಸಿಕೊಂಡವನು ಎಂದು ಕರೆಯುತ್ತಾರೆ, ಅದಕ್ಕಿಂತ ಸಾಯುವುದು ಮೇಲು ಎಂದ.

"ಎಂಡ್ತಿ ಕತ್ತು ಇಸುಕ್ದೋನು ಅಂದ್ರೆ ಪರವಾಗಿಲ್ವೇನ್ಲಾ ನಿಂಗೆ?" ಎಂದಳು ಮುನಿಶಾಮಮ್ಮ.

"ಎಲ್ಲಾರ್ ಮನೇಲೂ ಒಡೀತಾರೆ," ಎಂದು ನಾರಪ್ಪ ನಡುವೆ ಬಾಯಿ ಹಾಕಿದ. "ನಾನ್ ಒಡೆದಿಲ್ವಾ ನಿನ್ನ? ನನ್ ಮೇಲೆ ಯಾರಾದ್ರೂ ಕುಂಚ ಎತ್ತಿದ್ರಾ?"

"ಎತ್ಬೇಕಾಗಿತ್ತು. ನಿಮ್ಮವ್ವ ಅಲ್ಲೇ ಕೂತು ರಾಗಿ ಬೀಸ್ತಿದ್ಲು. ನಾನೂ ಆರು ವರ್ಸ ಅಂಗೇ ಬೀಸ್ದೆ."

ಎಲ್ಲಪ್ಪ ಎದ್ದು ಕಣ್ಣಮ್ಮನ ಕಡೆ ತಿರುಗಿ, ಗುಮಾಸ್ತನ ಮುಂದೆ ನಾಲಿಗೆ ನೀಡಿದ್ದು ನೀನೇ ಎಂದು ಚೆನ್ನಾಗಿದ್ದ ಕೈಯನ್ನು ಎತ್ತಿದ. ಕಣ್ಣಮ್ಮ ಹಿಂದೆ ಸರಿಯಲಿಲ್ಲ. ಮುನಿಶಾಮಮ್ಮ ಗೋಡೆಗೆ ಒರಗಿಸಿದ್ದ ದೊಡ್ಡಕ್ಕನ ಮನೆಯ ಕುಂಚವನ್ನು ಒಂದು ಸಲ ನೋಡಿದಳು, ಅಷ್ಟೇ. ಎತ್ತಿದ ಕೈಯಲ್ಲಿ ಅವನು ತಲೆ ಕೆರೆದುಕೊಂಡು ಹೊರಗೆ ಹೋದ.

ಆ ರಾತ್ರಿಯಿಂದ ಕಣ್ಣಮ್ಮ ಅತ್ತೆಯ ಮಗ್ಗುಲಲ್ಲಿ ಅಡಿಗೆಮನೆಯಲ್ಲೇ ಮಲಗಿದಳು.

ಮುಂದಿನ ಏಳು ದಿನದಲ್ಲಿ ಮುನಿಶಾಮಮ್ಮ ಎರಡು ಸಲ ಠಾಣೆಯ ರಸ್ತೆಯವರೆಗೆ ಹೋಗಿ ಸೊಪ್ಪು ಕೊಂಡು ವಾಪಸು ಬಂದಳು.

ಫೆಬ್ರವರಿ ಇಪ್ಪತ್ತೊಂದು, ಸೋಮವಾರ ಹತ್ತು ಗಂಟೆಗೆ ಸಬ್ ಇನ್‌ಸ್ಪೆಕ್ಟರು ಪಳನಿಸ್ವಾಮಿಯನ್ನು ಕರೆದುಕೊಂಡು ಸ್ಥಳ ನೋಡಲು ಬಂದರು. ಬೀದಿಯ ಜನವೆಲ್ಲ ಜಗಲಿಗಳ ಮೇಲೆ ನಿಂತಿದ್ದರು. ಪಳನಿಸ್ವಾಮಿಯ ಕಿವಿಯಲ್ಲಿ ಕಡುಕು ಇರಲಿಲ್ಲ, ತೂತು ಮಾತ್ರ ಇತ್ತು. ಮುಖ ಊದಿತ್ತು. ಮುನಿಶಾಮಮ್ಮನನ್ನು ಕಂಡ ಕೂಡಲೇ, ಹದಿನೈದು ವರ್ಷದ ರೂಢಿಯಂತೆ, ಕಟ್ಟಿದ್ದ ಕೈಗಳನ್ನು ಹಗ್ಗದ ಸಮೇತ ಎತ್ತಿ, "ಕೈ ಮುಗಿತೀನಮ್ಮ," ಎಂದ.

ಇನ್‌ಸ್ಪೆಕ್ಟರು ಮೊದಲು ಎಲ್ಲಪ್ಪನನ್ನು ಕೇಳಿದರು. ಎಲ್ಲಪ್ಪ ಪಳನಿಸ್ವಾಮಿಯ ಕಾಲು ನೋಡಿಕೊಂಡು, "ಇವನ್ ಮಾದಿರಿದಾನ್ ಇರುಂದಾನ್," ಎಂದ, ಇವನ ಹಾಗೆಯೇ ಇದ್ದ ಎಂದು. ನಾರಪ್ಪ, ಇರಬಹುದು ಸಾಮಿ ಎಂದು ತೊದಲಿದ. ಮುದುಕಿಗೆ ತಮಿಳು ಸರಿಯಾಗಿ ಬಾರದೆಂದು ಮಾದಯ್ಯನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡರು. ಮಾದಯ್ಯ ಅವಳ ಕಿವಿಯ ಹತ್ತಿರ ಬಗ್ಗಿ ಕನ್ನಡದಲ್ಲಿ, "ಕತ್ಲೆ, ಮೊಕ ಕಾಣ್ಲಿಲ್ಲ ಅನ್ನು. ಅಷ್ಟು ಸಾಕು. ಬೀದಿ ಮಾನ ನಿನ್ ಬಾಯಲ್ಲೈತೆ," ಎಂದ.

ಅವಳು ಇನ್‌ಸ್ಪೆಕ್ಟರ ಮುಖ ನೋಡಿಯೇ ಹೇಳಿದಳು.

"ಕಳ್ಳ ಬರ್ಲಿಲ್ಲ. ನನ್ ಮಗ ಇವ್ಳ ಕತ್ತು ಇಸುಕ್ತಿದ್ದ. ನಾನೇ ಕುಂಚದಲ್ಲಿ ಒಡೆದೆ. ಈವಯ್ಯ ಮಾಡಿಕೊಟ್ಟ ಕುಂಚ."

ಬೀದಿಯಲ್ಲಿ ಎಲ್ಲರಿಗೂ ಕೇಳಿಸಿತು. ಎಲ್ಲರಿಗೂ ತಿಳಿಯಿತು. ತಿಳಿಯದವರು ಮೂವರೇ: ಇನ್‌ಸ್ಪೆಕ್ಟರು, ಇಬ್ಬರು ಪೇದೆಗಳು.

"ಎನ್ನ ಸೊಲ್ಲುರಾಂಗ?" ಎಂದು ಇನ್‌ಸ್ಪೆಕ್ಟರು ಮಾದಯ್ಯನನ್ನು ಕೇಳಿದರು, ಏನು ಹೇಳುತ್ತಾರೆ ಎಂದು.

ಮಾದಯ್ಯ, ಕತ್ತಲಾಗಿತ್ತಂತೆ, ವಯಸ್ಸಾದ ಕಣ್ಣು, ಮುಖ ಕಾಣಲಿಲ್ಲವಂತೆ ಎಂದು ತಮಿಳಿನಲ್ಲಿ ಹೇಳಿದ. ಬೀದಿಯವರು ಯಾರೂ ಅದನ್ನು ತಿದ್ದಲಿಲ್ಲ. ಹಾಗಲ್ಲ ಸಾಮಿ ಎಂದ ಪಳನಿಸ್ವಾಮಿಯ ಬೆನ್ನಿಗೆ ಪೇದೆ ಗುದ್ದಿ ಬಾಯಿ ಮುಚ್ಚಿಸಿದ. ದೊಡ್ಡಕ್ಕ ಕೂಡ ನೆಲ ನೋಡಿದಳು. ಮುನಿಶಾಮಮ್ಮನಿಗೆ ಅಷ್ಟು ತಮಿಳು ಅರ್ಥವಾಗುತ್ತಿತ್ತು, ತಿದ್ದುವಷ್ಟು ಬರುತ್ತಿರಲಿಲ್ಲ. ಅಲ್ಲ, ಅಲ್ಲ ಎಂದು ತಲೆಯಾಡಿಸಿದಳು. ಇನ್‌ಸ್ಪೆಕ್ಟರು ಅವಳು ಮುಖ ಕಾಣಲಿಲ್ಲವೆಂದೇ ತಲೆಯಾಡಿಸಿದಳೆಂದು ತಿಳಿದು ಪುಸ್ತಕದಲ್ಲಿ ಬರೆದರು. ಅವರಿಗೆ ಎಲ್ಲಪ್ಪನ ಮಾತೇ ಸಾಕಾಗಿತ್ತು. ಪೇದೆ ಹಗ್ಗ ಎಳೆದ.

ಮಗ್ಗದ ಸದ್ದು ನಿಂತಿತು. ಕಣ್ಣಮ್ಮ ಕುಳಿಯಿಂದ ಎದ್ದು ಹೊರಗೆ ಬಂದಳು. ಹರೂರಿನ ಪಾಠಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತ ತಮಿಳಿನಲ್ಲಿ, ಅತ್ತೆ ಹೇಳಿದ್ದನ್ನು ಒಂದು ಮಾತೂ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಹೇಳಿದಳು. ಆಮೇಲೆ ಸೆರಗು ಸರಿಸಿ ಕುತ್ತಿಗೆ ತೋರಿಸಿದಳು. ಗುರುತು ಹಳದಿಗೆ ತಿರುಗಿ ಮಾಸಿತ್ತು. ಹೆಬ್ಬೆಟ್ಟಿನದು ಇನ್ನೂ ಇತ್ತು.

ಇನ್‌ಸ್ಪೆಕ್ಟರು ಅದನ್ನೇ ಮತ್ತೊಮ್ಮೆ ಹೇಳಿಸಿ ಕೇಳಿದರು. ಆಮೇಲೆ ಎಲ್ಲಪ್ಪನನ್ನು ಹತ್ತಿರ ಕರೆದು, ಒಳ್ಳೆಯ ಕೈಯ ಹೆಬ್ಬೆಟ್ಟನ್ನು ಹಿಡಿದು ಆ ಗುರುತಿನ ಪಕ್ಕಕ್ಕೆ ತಂದರು. ಎಲ್ಲಪ್ಪ ಜಗಲಿಯ ಮೇಲೆ ಕುಸಿದು ಕೂತ. ಕಳ್ಳನ ಚೂರಿ ಎಲ್ಲಿ ಹೋಯಿತಪ್ಪಾ ಎಂದು ಯಾರೋ ಹಿಂದಿನಿಂದ ಕೇಳಿದರು. ಯಾರೂ ನಗಲಿಲ್ಲ.

ಪಳನಿಸ್ವಾಮಿಯನ್ನು ಅಲ್ಲೇ ಬಿಡಲಿಲ್ಲ. ಕಾಗದಗಳಾಗಬೇಕಿತ್ತು. ಹೋಗುವಾಗ ಅವನು ಮುನಿಶಾಮಮ್ಮನ ಕಡೆ ತಿರುಗಿ ನೋಡಲಿಲ್ಲ, ಕೈಯನ್ನೂ ಎತ್ತಲಿಲ್ಲ.

ಇಪ್ಪತ್ತನಾಲ್ಕನೇ ತಾರೀಕು ಅವನ ಬಿಡುಗಡೆಯಾಯಿತು. ಒಟ್ಟು ಇಪ್ಪತ್ತೈದು ದಿನ ಒಳಗಿದ್ದ. ಸುಳ್ಳು ಮಾಹಿತಿ ಕೊಟ್ಟದ್ದಕ್ಕೆ ಮ್ಯಾಜಿಸ್ಟ್ರೇಟರು ನಾರಪ್ಪನಿಗೂ ಎಲ್ಲಪ್ಪನಿಗೂ ಜುಲ್ಮಾನೆ ಹಾಕಿದರು. ಕಟ್ಟಲು ಕಣ್ಣಮ್ಮ ನೇಯ್ದ ಸೀರೆಗಳು ಹೋದವು. ಮುನಿಶಾಮಮ್ಮ ಸೊಸೆಯ ಪ್ರಾಣ ಉಳಿಸಲು ಹೊಡೆದಳೆಂದು ಬರೆದು ಅವಳ ಮೇಲೆ ಮೊಕದ್ದಮೆ ಹೂಡಲಿಲ್ಲ. ಕಳ್ಳ ಎಂಬ ಮಾತನ್ನು ಅವಳು ನೆರೆಯವರಿಗೆ ಹೇಳಿದ್ದಳೇ ಹೊರತು ಪೊಲೀಸರಿಗೆ ಹೇಳಿರಲಿಲ್ಲ. ಅವರ ಮುಂದೆ ಸುಮ್ಮನೆ ಕೂತಿದ್ದಳು. ಸುಮ್ಮನೆ ಕೂತದ್ದಕ್ಕೆ ಕಲಂ ಇಲ್ಲವೆಂದು ಅರುಣಾಚಲಂ ಹೇಳಿದ.

ಕಣ್ಣಮ್ಮ ಬಸ್ಸು ಹತ್ತಿ ಹರೂರಿಗೆ ಹೋದಳು. ಚೈತ್ರ ಕಳೆದ ಮೇಲೆ ವಾಪಸು ಬಂದಳು. ಬಂದವಳು ಮಗ್ಗದ ಕುಳಿ ಬಿಡಲಿಲ್ಲ. ಎಲ್ಲಪ್ಪ ಬೇರೆಯವರ ಮಗ್ಗದಲ್ಲಿ ಕೂಲಿಗೆ ಕೂತ.

ಮಾರ್ಚಿನಲ್ಲಿ ಮುನಿಶಾಮಮ್ಮ ಒಂದು ಪಡಿ ರಾಗಿ, ಒಂದು ಹೊಸ ಪಂಚೆ ಹಿಡಿದು ಕೊರವರ ಗುಡಿಸಲುಗಳ ತನಕ ಹೋದಳು. ಪೂಂಗೊಡಿ ಹೊರಗೆ ಬಂದು, ಅವರು ಬೇರು ಕೀಳಲು ಹೋಗಿದ್ದಾರೆ ಎಂದಳು. ಗುಡಿಸಲೊಳಗೆ ಕುಂಚದ ಬೆನ್ನು ಕೆತ್ತುವ ಸದ್ದು ಕೇಳಿಸುತ್ತಿತ್ತು. ಮುನಿಶಾಮಮ್ಮ ತಂದದ್ದನ್ನು ತೆಗೆದುಕೊಂಡೇ ವಾಪಸು ಬಂದಳು.

ಪಳನಿಸ್ವಾಮಿ ಆ ಬೀದಿಗೆ ಮತ್ತೆ ಬರಲಿಲ್ಲ. ಆ ವರ್ಷದಿಂದ ಬೀದಿಯವರು ಕುಂಚ ಬೇಕಾದರೆ ಓಮಲೂರಿನಾಚೆ ಕಡಯಂಪಟ್ಟಿಗೆ ಹೋಗಿ ತರುತ್ತಾರೆ. ಹೋಗಿಬರಲು ಒಂದು ದಿನ ಬೇಕು.